ಇಪ್ಪತ್ತು ಸೆಕೆಂಡಿನ ಆಸೆ ಬಿಡಿ, ಎಂಟರಲ್ಲಿ ಸ್ಪಷ್ಟವಾಗಿ ಹೇಳಿಸಿ

ಪ್ರಶ್ನೆ: ಮಾಟುಂಗಾದ ನಮ್ಮ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ ಮಡಚುವ ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟ್ ಇದೆ. ಇಳಿದವರು ಬಾಗಿಲು ಎಳೆಯಲು ಮರೆತರೆ ಲಿಫ್ಟ್ ಅಲ್ಲೇ ನಿಲ್ಲುತ್ತದೆ. ಮೇಲಿನ ವೃದ್ಧರು ಕಾದು ಕಾದು ಮೆಟ್ಟಿಲು ಇಳಿಯುತ್ತಾರೆ. ಲ್ಯಾಮಿಂಗ್ಟನ್ ರಸ್ತೆಯಿಂದ ಐಎಸ್‌ಡಿ 1820 ಎಂಬ, ದನಿ ಮುದ್ರಿಸಿ ಮತ್ತೆ ನುಡಿಸುವ ಚಿಪ್ ಇರುವ ಮಾಡ್ಯೂಲ್ ತಂದು, ರೆಸಿಸ್ಟರ್ ಬದಲಿಸಿ 20 ಸೆಕೆಂಡಿಗೆ ಹೊಂದಿಸಿ, ಕನ್ನಡ, ಮರಾಠಿ, ಹಿಂದಿಯಲ್ಲಿ ಸಂದೇಶ ಮುದ್ರಿಸಿ, ಲಿಫ್ಟ್‌ನ ಬಾಗಿಲಿನ ಸ್ವಿಚ್‌ಗೆ ಜೋಡಿಸಬೇಕೆಂದಿದ್ದೇನೆ. ಸದ್ಯಕ್ಕೆ ಉದ್ದನೆಯ ವೈರ್ ಎಳೆದು ಪರೀಕ್ಷಿಸುತ್ತಿದ್ದೇನೆ. ಆದರೆ ಮಾತು ಮಂಕಾಗಿ ಕೇಳುತ್ತದೆ, ಅಕ್ಷರ ಬಿಡಿಸಿ ತಿಳಿಯುವುದಿಲ್ಲ. ಲಿಫ್ಟ್ ಹೊರಟಾಗ ಕೆಲವೊಮ್ಮೆ ತಾನಾಗಿಯೇ ಮಾತನಾಡುತ್ತದೆ. ಕಳೆದ ವಾರ ಸಂದೇಶವೇ ಅಳಿಸಿಹೋಗಿತ್ತು. ಚಿಪ್ ಕಳಪೆಯೇ? ಇದರಲ್ಲೇ ಮಹಡಿಯ ಸಂಖ್ಯೆಯನ್ನೂ ಹೇಳಿಸಬಹುದೇ? ಮೂರನೇ ಮಹಡಿಯ ಅಜ್ಜಿಯೊಬ್ಬರಿಗೆ ಈಚೆಗೆ ದೃಷ್ಟಿ ಹೋಗಿದೆ.
— ಸೊಸೈಟಿಯ ಕಾರ್ಯದರ್ಶಿ, ಮಾಟುಂಗಾ

ಉತ್ತರ: ಚಿಪ್ ಕಳಪೆಯಲ್ಲ. ಮಾತು ಮಂಕಾಗಿರುವುದು ನೀವು ಕೇಳಿದ 20 ಸೆಕೆಂಡಿನಿಂದ; ಉಳಿದ ಎರಡು ತೊಂದರೆಗಳು ನೀವು ಎಳೆದ ಉದ್ದನೆಯ ವೈರ್‌ನಿಂದ. ಎರಡನ್ನೂ ಸರಿಪಡಿಸಲು ಹೆಚ್ಚು ಖರ್ಚಿಲ್ಲ. ಆದರೆ ಅದಕ್ಕಿಂತ ಮೊದಲು ಒಂದು ಮಾತು: ಲಿಫ್ಟ್‌ನ ಸ್ವಂತ ಬಾಗಿಲಿನ ಸ್ವಿಚ್‌ಗೆ ನಿಮ್ಮ ವೈರ್ ಜೋಡಿಸುವ ಯೋಚನೆಯನ್ನು ಇವತ್ತೇ ಕೈಬಿಡಿ. ಬಾಗಿಲು ತೆರೆದಿರುವಾಗ ಲಿಫ್ಟ್ ಚಲಿಸದಂತೆ ತಡೆಯುವುದೇ ಆ ಸ್ವಿಚ್. ಅದು ಸುರಕ್ಷಾ ಸರಣಿಯ ಒಂದು ಕೊಂಡಿ. ಅದಕ್ಕೆ ಸಮಾಂತರವಾಗಿ ಏನನ್ನಾದರೂ ಬೆಸುಗೆ ಹಾಕಿ ಎಲ್ಲೋ ಒಂದು ಕಡೆ ಶಾರ್ಟ್ ಆದರೆ, ಜಾಲರಿ ತೆರೆದಿದ್ದರೂ ಲಿಫ್ಟ್ ಹೊರಡಬಹುದು. ಮಕ್ಕಳ ಕೈ, ಸೀರೆಯ ಸೆರಗು ಸಿಕ್ಕಿಕೊಳ್ಳುವುದು ಅಲ್ಲೇ. ಜೊತೆಗೆ ಹಳೆಯ ಲಿಫ್ಟ್‌ಗಳಲ್ಲಿ ಆ ವೈರ್‌ನಲ್ಲಿ ಪ್ರಾಣಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ. ನಿಮ್ಮ ಮಂಡಲಕ್ಕೆ ಅದರ ಸಂಬಂಧವೇ ಬೇಡ. ಬಾಗಿಲಿಗೆ ಪ್ರತ್ಯೇಕ ಮ್ಯಾಗ್ನೆಟ್ ಮತ್ತು ಅದು ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್ ಸಾಕು. ಅದರ ಜೋಡಣೆಯನ್ನು ಮುಂದೆ ಹೇಳುತ್ತೇನೆ. ಲಿಫ್ಟ್ ನೋಡಿಕೊಳ್ಳುವ ಕಂಪನಿಗೆ ತಿಳಿಸಿ, ಅವರ ಮೆಕ್ಯಾನಿಕ್ ಎದುರಿಗೆ ಇರುವಾಗಲೇ ಕ್ಯಾಬಿನ್‌ನಲ್ಲಿ ಪೆಟ್ಟಿಗೆ ಕೂರಿಸಿ.

ಈಗ ಚಿಪ್‌ನ ಒಳಗೆ ಏನಿದೆ ನೋಡೋಣ. ಮೈಕ್‌ನಿಂದ ಬಂದ ದನಿ ಮೊದಲು ಆಂಪ್ಲಿಫೈಯರ್ ದಾಟುತ್ತದೆ, ನಂತರ ಫಿಲ್ಟರ್ ದಾಟುತ್ತದೆ, ಆಮೇಲೆ ಸೆಕೆಂಡಿಗೆ ಸಾವಿರಾರು ಬಾರಿ ಅದರ ವೋಲ್ಟೇಜ್‌ನ ಮಾದರಿ ತೆಗೆದು ಒಂದೊಂದನ್ನೂ ಒಂದೊಂದು ಖಾನೆಯಲ್ಲಿ ಇಡಲಾಗುತ್ತದೆ. ಈ ಕುಟುಂಬದ ಚಿಪ್‌ಗಳ ಹಿರಿಮೆ ಇರುವುದು ಇಲ್ಲೇ. ಅವು ದನಿಯನ್ನು ಸೊನ್ನೆ, ಒಂದು ಎಂದು ಅಂಕಿಗಳಾಗಿ ಒಡೆಯುವುದಿಲ್ಲ. ಖಾನೆಯಲ್ಲಿ ವಿದ್ಯುದಾವೇಶದ ಮಟ್ಟವನ್ನೇ ನೇರವಾಗಿ ಇಡುತ್ತವೆ. ಅಂಕಿಯಾಗಿ ಇಟ್ಟಿದ್ದರೆ ಒಂದು ಮಾದರಿಗೆ ಎಂಟು ಬಿಟ್ ಬೇಕಾಗುತ್ತಿತ್ತು. ಇಲ್ಲಿ ಒಂದೇ ಖಾನೆ ಸಾಕು. ಮೆಮೊರಿ ದುಬಾರಿಯಾಗಿದ್ದ 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಇನ್ಫರ್ಮೇಶನ್ ಸ್ಟೋರೇಜ್ ಡಿವೈಸಸ್ ಎಂಬ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನ ಮೊದಲಕ್ಷರಗಳೇ ಐಎಸ್‌ಡಿ. 1998ರಲ್ಲಿ ವಿನ್‌ಬಾಂಡ್ ಅದನ್ನು ಕೊಂಡಿತು. ಈಗ ಅದರಿಂದ ಬೇರ್ಪಟ್ಟ ನುವೋಟನ್ ಬಳಿ ಇದೆ. ಕರೆಂಟ್ ಹೋದರೂ ಖಾನೆಯಲ್ಲಿನ ಆವೇಶ ಸೋರುವುದಿಲ್ಲ. ತಯಾರಕರ ವಿವರಪತ್ರದ ಪ್ರಕಾರ ಸಂದೇಶ 100 ವರ್ಷ ಉಳಿಯುತ್ತದೆ, ಸಾಮಾನ್ಯವಾಗಿ ಒಂದು ಲಕ್ಷ ಬಾರಿ ಮುದ್ರಿಸಬಹುದು.

ನಿಮ್ಮ ಚಿಪ್‌ನ ರೋಸ್ಕ್ ಪಿನ್‌ಗೆ ಹಾಕುವ ರೆಸಿಸ್ಟರ್, ಮಾದರಿ ತೆಗೆಯುವ ವೇಗವನ್ನು ನಿರ್ಧರಿಸುತ್ತದೆ. 80 ಕಿಲೋಓಮ್ ಹಾಕಿದರೆ ಸೆಕೆಂಡಿಗೆ 8,000 ಮಾದರಿ, ಒಟ್ಟು 8 ಸೆಕೆಂಡ್. 100 ಕಿಲೋಓಮ್‌ಗೆ 6,400 ಮಾದರಿ, 10 ಸೆಕೆಂಡ್. 160ಕ್ಕೆ 4,000 ಮಾದರಿ, 16 ಸೆಕೆಂಡ್. ನೀವು ಹಾಕಿದ 200 ಕಿಲೋಓಮ್‌ಗೆ 3,200 ಮಾದರಿ, 20 ಸೆಕೆಂಡ್. ಯಾವ ಜೋಡಿಯನ್ನು ಗುಣಿಸಿದರೂ 64,000 ಬರುತ್ತದೆ. ಚಿಪ್‌ನಲ್ಲಿರುವುದು ಅಷ್ಟೇ ಜಾಗ. ಹೊತ್ತು ಹೆಚ್ಚಿಸುವುದೆಂದರೆ ಅಷ್ಟೇ ಹಾಲಿಗೆ ನೀರು ಬೆರೆಸಿ ಅಳತೆ ಹೆಚ್ಚಿಸುವುದು.

ನಷ್ಟವಾಗುವುದು ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾದರಿಯ ವೇಗದ ಅರ್ಧಕ್ಕಿಂತ ಹೆಚ್ಚಿನ ಆವರ್ತನವನ್ನು ಯಾವ ಮುದ್ರಕವೂ ಹಿಡಿಯಲಾರದು, ಹಾಗಾಗಿ ಒಳಗಿನ ಫಿಲ್ಟರ್ ಅದನ್ನು ಮೊದಲೇ ಕತ್ತರಿಸುತ್ತದೆ. 8 ಸೆಕೆಂಡಿನ ಹೊಂದಾಣಿಕೆಯಲ್ಲಿ 3.4 ಕಿಲೋಹರ್ಟ್ಸ್ ತನಕ ದಾಟುತ್ತದೆ. ಹಳೆಯ ಟೆಲಿಫೋನ್ ಲೈನ್‌ನ ಮೇಲ್ಮಿತಿಯೂ ಅಷ್ಟೇ, ಅದರಲ್ಲಿ ನಾವು ತಲೆಮಾರುಗಳ ಕಾಲ ಮಾತನಾಡಿದ್ದೇವೆ. 20 ಸೆಕೆಂಡಿನ ಹೊಂದಾಣಿಕೆಯಲ್ಲಿ ದಾಟುವುದು ಸುಮಾರು 1.3 ಕಿಲೋಹರ್ಟ್ಸ್ ಮಾತ್ರ. ಸಕಾರ, ಶಕಾರಗಳ ಸೀಟಿಯಂಥ ಭಾಗ ಇರುವುದು ಇದಕ್ಕಿಂತ ಬಹಳ ಮೇಲೆ, ಹಾಗಾಗಿ ಅವು ಪೂರ್ತಿ ಮಾಯ. ಅದಕ್ಕಿಂತ ದೊಡ್ಡ ಪೆಟ್ಟು ಸ್ವರಗಳಿಗೆ. ಇಕಾರಕ್ಕೂ ಉಕಾರಕ್ಕೂ ಬಾಯೊಳಗೆ ದನಿ ಮೊಳಗುವ ಮೊದಲ ಆವರ್ತನ, ಅಂದರೆ ಕೆಳಗಿನ ಅನುರಣನ, ಹೆಚ್ಚು ಕಡಿಮೆ ಒಂದೇ, 300 ಹರ್ಟ್ಸ್ ಆಸುಪಾಸು. ಕಿವಿ ಅವನ್ನು ಬೇರೆ ಮಾಡುವುದು ಎರಡನೇ ಅನುರಣನದಿಂದ: ಉಕಾರಕ್ಕೆ ಅದು 1,000ಕ್ಕಿಂತ ಕೆಳಗೆ, ಇಕಾರಕ್ಕೆ 2,000ಕ್ಕಿಂತ ಮೇಲೆ. 1.3 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದರೆ ಇಕಾರದ ಗುರುತೇ ಹೋಗುತ್ತದೆ. ನೀವು ‘ಮುಚ್ಚಿ’ ಎಂದು ಮುದ್ರಿಸಿದ್ದು ‘ಮುಚ್ಚು’ ಎಂಬುದಕ್ಕೆ ಹತ್ತಿರವಾಗಿ ಕೇಳುತ್ತದೆ. ಸ್ಪೀಕರ್ ಬದಲಿಸಿದರೆ, ವಾಲ್ಯೂಮ್ ಏರಿಸಿದರೆ ಇದು ಸರಿಯಾಗದು. ಮುದ್ರಣದಲ್ಲಿಯೇ ಇಲ್ಲದ್ದನ್ನು ಸ್ಪೀಕರ್ ಎಲ್ಲಿಂದ ತರಬೇಕು?

ಆದ್ದರಿಂದ 80 ಕಿಲೋಓಮ್‌ಗೆ ಮರಳಿ, ಸಂದೇಶವನ್ನು ಕತ್ತರಿಸಿ. ಅಂಗಡಿಯಲ್ಲಿ 82 ಸಿಗುತ್ತದೆ, ಅದೇ ಸಾಕು. ಸ್ವಾಗತ, ಸೊಸೈಟಿಯ ಹೆಸರು, ಧನ್ಯವಾದ ಇವೆಲ್ಲ ನಿಂತ ಲಿಫ್ಟ್‌ನಲ್ಲಿ ಯಾರಿಗೂ ಬೇಡ. ‘ಲಿಫ್ಟ್ ಬಾಗಿಲು ಪೂರ್ತಿ ಮುಚ್ಚಿ.’ ‘ಲಿಫ್ಟಚಾ ದರವಾಜಾ ನೀಟ್ ಬಂದ್ ಕರಾ.’ ‘ಲಿಫ್ಟ್ ಕಾ ದರ್ವಾಜಾ ಠೀಕ್ ಸೇ ಬಂದ್ ಕೀಜಿಯೇ.’ ಮೂರನ್ನೂ ಅವಸರವಿಲ್ಲದೆ, ನಡುವೆ ಚಿಕ್ಕ ಬಿಡುವು ಕೊಟ್ಟು ಹೇಳಿದರೂ ಎಂಟು ಸೆಕೆಂಡಿನೊಳಗೆ ಮುಗಿಯುತ್ತದೆ. ಮೊದಲ ಪದ ಮೂರರಲ್ಲೂ ಒಂದೇ ಇರುವುದರಿಂದ, ಯಾವ ಭಾಷೆಯವರಾದರೂ ಅಲ್ಲಿಯೇ ಕಿವಿಗೊಡುತ್ತಾರೆ.

ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ನೂರು, ನೂರೈವತ್ತು ರೂಪಾಯಿ ಆಸುಪಾಸಿನಲ್ಲಿ ಸಿಗುವ ಮಾಡ್ಯೂಲ್‌ಗಳಲ್ಲಿ ನಕಲು ಚಿಪ್ ಬಹಳ. ಕೆಲವದರಲ್ಲಿ ಹದಿನಾಲ್ಕು ಕಾಲಿನ ಚಿಪ್‌ನ ಬದಲು ಬೋರ್ಡ್ ಮೇಲೆ ಕಪ್ಪು ಅಂಟಿನ ಬೊಟ್ಟು ಮಾತ್ರ ಇರುತ್ತದೆ. ಇವು ಮೇಲಿನ ಲೆಕ್ಕಕ್ಕೆ ಒಗ್ಗಬೇಕೆಂದಿಲ್ಲ. ಪರೀಕ್ಷೆ ಸುಲಭ: ಮುದ್ರಣದ ಗುಂಡಿಯನ್ನು ಒತ್ತಿ ಹಿಡಿದು, ಕೆಂಪು ದೀಪ ಹೊತ್ತಿದಲ್ಲಿಂದ ಅದು ತಾನಾಗಿ ಆರುವ ತನಕ ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಜಾಗ ತುಂಬಿದಾಗ ದೀಪ ಆರುತ್ತದೆ. ಎಂಟು ಸೆಕೆಂಡಿನ ಆಸುಪಾಸು ಬಂದರೆ ಸರಿ.

ಮುದ್ರಿಸುವಾಗ ಬಹುಪಾಲು ಜನ ಮೈಕ್‌ಗೆ ತುಟಿ ತಾಗಿಸಿ ಕೂಗುತ್ತಾರೆ. ಬೇಡ. ಚಿಪ್‌ನೊಳಗೆ ದನಿಯ ಮಟ್ಟವನ್ನು ತಾನೇ ಹೊಂದಿಸುವ ಎಜಿಸಿ ಇದೆ: ಜೋರಾದ ದನಿಗೆ ತಟ್ಟನೆ ಕುಗ್ಗುತ್ತದೆ, ಮೌನದಲ್ಲಿ ನಿಧಾನವಾಗಿ ಹಿಗ್ಗುತ್ತದೆ. ಗುಂಡಿ ಒತ್ತಿ ಎರಡು ಸೆಕೆಂಡ್ ಸುಮ್ಮನಿದ್ದರೆ ಅದು ಹಿಗ್ಗಿ ಫ್ಯಾನ್‌ನ ಗಾಳಿಯನ್ನೂ ಬೀದಿಯ ಹಾರ್ನನ್ನೂ ಎಳೆದುಕೊಳ್ಳುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮೈಕ್‌ನಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಕುಳಿತು, ದೀಪ ಹೊತ್ತಿದ ಕೂಡಲೇ ಸಹಜ ದನಿಯಲ್ಲಿ ಆರಂಭಿಸಿ. ಓರೆ ಏಕೆಂದರೆ ಪಕಾರ, ಬಕಾರಗಳ ಉಸಿರು ನೇರವಾಗಿ ಬಡಿದರೆ ಧಡ್ ಎನ್ನುತ್ತದೆ. ಮೊಬೈಲ್‌ನಲ್ಲಿ ಮೊದಲೇ ಮುದ್ರಿಸಿ ಅದರ ಹೆಡ್‌ಫೋನ್ ತಂತಿಯಿಂದ ಕೊಡುವುದಾದರೆ ನೇರವಾಗಿ ಜೋಡಿಸಬೇಡಿ. ಮೈಕ್ ಪಿನ್ ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟ್. 10 ಕಿಲೋಓಮ್ ಮತ್ತು 220 ಓಮ್‌ನ ವಿಭಾಜಕದಲ್ಲಿ ಇಳಿಸಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಕೊಡಿ.

ಇನ್ನು ಅಳಿಸಿಹೋದ ಸಂದೇಶ. ಈ ಚಿಪ್‌ನಲ್ಲಿ ಮುದ್ರಣದ ರೆಕ್ ಪಿನ್‌ಗೆ ಎಲ್ಲಕ್ಕಿಂತ ಹೆಚ್ಚಿನ ಅಧಿಕಾರ. ಮಾತನಾಡುತ್ತಿರುವಾಗಲೂ ಆ ಪಿನ್‌ನ ವೋಲ್ಟೇಜ್ ಮೇಲಕ್ಕೆ ಹೋದರೆ ಮಾತು ನಿಂತು ಮುದ್ರಣ ಮೊದಲ ಖಾನೆಯಿಂದ ಶುರುವಾಗುತ್ತದೆ. ಕೆಳಗಿಳಿದ ಕೂಡಲೇ ಅಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಬೀಳುತ್ತದೆ. ಅಂದರೆ ಒಂದು ಸಣ್ಣ ಮಿಡಿತ ಬಂದರೂ ಸಂದೇಶ ಹೋದಂತೆಯೇ. ನಿಮ್ಮ ಲಿಫ್ಟ್‌ನ ಮೋಟಾರ್ ಹೊರಡುವಾಗ, ನಿಲ್ಲುವಾಗ ಯಂತ್ರದ ಕೋಣೆಯಲ್ಲಿ ಮೋಟಾರ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್‌ಗಳಾದ ಕಾಂಟ್ಯಾಕ್ಟರ್‌ಗಳು ಕಿಡಿ ಕಾರುತ್ತವೆ. ಆ ಕಿಡಿಯನ್ನು ಉದ್ದನೆಯ ವೈರ್ ಆಂಟೆನಾದಂತೆ ಹಿಡಿದು ಪಿನ್‌ಗೆ ತಲುಪಿಸುತ್ತದೆ. ಪಿನ್ನಿನ ವೋಲ್ಟೇಜನ್ನು ಕೆಳಗೇ ಹಿಡಿದಿಡುವ ಒಳಗಿನ ಪುಲ್-ಡೌನ್ ಅದನ್ನು ತಡೆಯುವಷ್ಟು ಬಲವಾದದ್ದಲ್ಲ. ಅದೇ ಮಿಡಿತ ಮಾತು ಹೊರಡಿಸುವ ಪ್ಲೇ-ಇ ಪಿನ್‌ಗೆ ಬಿದ್ದರೆ ತಾನಾಗಿ ಮಾತನಾಡುತ್ತದೆ, ರೆಕ್‌ಗೆ ಬಿದ್ದರೆ ಅಳಿಸುತ್ತದೆ.

ಪರಿಹಾರ ಹೀಗೆ. ಮುದ್ರಣ ಮುಗಿದ ಮೇಲೆ ರೆಕ್ ಗುಂಡಿಗೆ ಹೋಗುವ ತಾಮ್ರದ ಜಾಡನ್ನು ಕತ್ತರಿಸಿ ಅಲ್ಲಿ ಜಂಪರ್ (ಕಿತ್ತು ತೆಗೆಯಬಲ್ಲ ಪುಟ್ಟ ಕೊಂಡಿ) ಹಾಕಿ, ಜಂಪರ್ ತೆಗೆದು ಸೊಸೈಟಿ ಕಚೇರಿಯ ಡ್ರಾಯರ್‌ನಲ್ಲಿ ಇಡಿ. ಚಿಪ್‌ನ ಕಡೆಯಲ್ಲಿ ರೆಕ್ ಪಿನ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಬೆಸುಗೆ ಹಾಕಿ. ಗುಂಡಿ ಒತ್ತಿದಾಗಲೂ ಅದು ಅಡ್ಡಿಯಾಗುವುದಿಲ್ಲ. ಪ್ಲೇ-ಇ ಪಿನ್‌ಗೆ 10 ಕಿಲೋಓಮ್ ಸಾಕು. ಚಿಪ್‌ನ ವಿದ್ಯುತ್ ಕಾಲುಗಳ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್, ಪಕ್ಕದಲ್ಲಿ 220 ಮೈಕ್ರೋಫ್ಯಾರಡ್ ಇರಲಿ. ಎಲ್ಲಕ್ಕಿಂತ ಮುಖ್ಯ, ಇಡೀ ಮಂಡಲ ಕ್ಯಾಬಿನ್‌ನಲ್ಲಿಯೇ ಒಂದು ಪೆಟ್ಟಿಗೆಯಲ್ಲಿರಲಿ, ಹೊರಗೆ ಹೋಗುವುದು ಬಾಗಿಲಿನ ರೀಡ್ ಸ್ವಿಚ್‌ನ ಎರಡು ವೈರ್ ಮಾತ್ರ, ಅದೂ ಹೆಣೆದು, ಆದಷ್ಟು ಗಿಡ್ಡವಾಗಿ. ಅಂದಹಾಗೆ ಐಎಸ್‌ಡಿ 1420ರ ಹಳೆಯ ಚಿತ್ರವನ್ನು ನೋಡಿ ಇದನ್ನು ಜೋಡಿಸಬೇಡಿ. ಅದರಲ್ಲಿ ಪಿನ್‌ಗಳನ್ನು ಕೆಳಗೆ ಎಳೆದರೆ ಕೆಲಸ ಶುರು, 1820ರಲ್ಲಿ ಮೇಲೆ ಎಳೆದರೆ.

ಈಗ ನೀವು ಕೇಳದಿದ್ದರೂ ಹೇಳಲೇಬೇಕಾದ ಸಂಗತಿ. ಬಾಗಿಲು ತೆರೆದ ಕ್ಷಣಕ್ಕೇ ಮಾತು ಹೊರಡಿಸಬೇಡಿ. ಒಳಗೆ ಕಾಲಿಡುವವರಿಗೂ ಇಳಿಯುವವರಿಗೂ ದಿನವಿಡೀ ‘ಬಾಗಿಲು ಮುಚ್ಚಿ’ ಎಂದು ಹೇಳುತ್ತಿದ್ದರೆ ತಿಂಗಳೊಳಗೆ ಯಾರೋ ವೈರ್ ಕಿತ್ತುಹಾಕುತ್ತಾರೆ. ಮುಂಬೈಯ ಎಷ್ಟೋ ಲಿಫ್ಟ್‌ಗಳಲ್ಲಿ ಆ ದನಿಯನ್ನು ಈಗ ಯಾರೂ ಕೇಳಿಸಿಕೊಳ್ಳುವುದೇ ಇಲ್ಲ. ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇದ್ದರೆ ಮಾತ್ರ ಮಾತನಾಡಬೇಕು. ಇದಕ್ಕೆ ಸಿಡಿ 4060 ಎಂಬ ಹದಿನಾರು ಕಾಲಿನ ಅಗ್ಗದ ಚಿಪ್ ಅಚ್ಚುಕಟ್ಟಾಗಿ ಒದಗುತ್ತದೆ. ಅದರಲ್ಲಿ ಮಿಡಿತ ಹುಟ್ಟಿಸುವ ಆಸಿಲೇಟರ್ ಮತ್ತು ಅವನ್ನು ಎಣಿಸುವ ಕೌಂಟರ್ ಎರಡೂ ಇವೆ.

10ನೇ ಪಿನ್‌ಗೆ 100 ಕಿಲೋಓಮ್, 9ಕ್ಕೆ 0.01 ಮೈಕ್ರೋಫ್ಯಾರಡ್, 11ಕ್ಕೆ 1 ಮೆಗಾಓಮ್ ಹಾಕಿ, ಮೂರರ ಇನ್ನೊಂದು ತುದಿಯನ್ನೂ ಒಂದೆಡೆ ಸೇರಿಸಿ. ಮಿಡಿತ ಸೆಕೆಂಡಿಗೆ ಸುಮಾರು 435 ಬರುತ್ತದೆ. 12ನೇ ಪಿನ್ ರಿಸೆಟ್. ರೀಡ್ ಸ್ವಿಚ್‌ನ ಒಂದು ಕಾಲನ್ನು 5 ವೋಲ್ಟ್‌ಗೆ, ಇನ್ನೊಂದನ್ನು 12ನೇ ಪಿನ್‌ಗೆ ಕೊಟ್ಟು, ಆ ಪಿನ್‌ನಿಂದ ಗ್ರೌಂಡ್‌ಗೆ 100 ಕಿಲೋಓಮ್ ಮತ್ತು 0.1 ಮೈಕ್ರೋಫ್ಯಾರಡ್ ಹಾಕಿ. ಬಾಗಿಲು ಮುಚ್ಚಿದಾಗ ಮ್ಯಾಗ್ನೆಟ್ ಹತ್ತಿರ ಬಂದು ಸ್ವಿಚ್ ಕೂಡಿಕೊಳ್ಳುತ್ತದೆ, ಎಣಿಕೆ ಸೊನ್ನೆಯಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದರೆ ಎಣಿಕೆ ಶುರು. 2ನೇ ಪಿನ್ 4,096 ಮಿಡಿತಗಳ ನಂತರ, ಅಂದರೆ ಒಂಬತ್ತೂವರೆ ಸೆಕೆಂಡಿಗೆ ಮೇಲೆ ಹೋಗುತ್ತದೆ. ಅದನ್ನು 1 ಕಿಲೋಓಮ್ ಮೂಲಕ ಪ್ಲೇ-ಇ ಪಿನ್‌ಗೆ ಕೊಡಿ. ಪ್ಲೇ-ಇ ಏರುವ ಅಂಚನ್ನು ಮಾತ್ರ ನೋಡುತ್ತದೆ. ಒಮ್ಮೆ ಪೂರ್ತಿ ಹೇಳಿ ನಿಲ್ಲುತ್ತದೆ. ಬಾಗಿಲು ಇನ್ನೂ ತೆರೆದೇ ಇದ್ದರೆ ಸುಮಾರು 19 ಸೆಕೆಂಡಿಗೊಮ್ಮೆ ಮತ್ತೆ ಹೇಳುತ್ತದೆ. ತಡವೂ ಪುನರಾವರ್ತನೆಯೂ ಒಂದೇ ಕಾಲಿನಿಂದ! ಸಾಮಾನು ಇಳಿಸುವವರಿಗೆ, ಗಾಲಿಕುರ್ಚಿಯವರಿಗೆ ಒಂಬತ್ತೂವರೆ ಸೆಕೆಂಡ್ ಸಾಲದು ಎನಿಸಿದರೆ ವೈರನ್ನು 3ನೇ ಪಿನ್‌ಗೆ ಸರಿಸಿ, ಎರಡೂ ಹೊತ್ತು ಇಮ್ಮಡಿಯಾಗುತ್ತವೆ. ಈ ಜೋಡಣೆಯಲ್ಲಿ ರೀಡ್ ಸ್ವಿಚ್‌ನ ವೈರ್ ತುಂಡಾದರೆ ಮಂಡಲ ಬಾಗಿಲು ತೆರೆದಿದೆ ಎಂದೇ ತಿಳಿದು ಮಾತನಾಡುತ್ತಲೇ ಇರುತ್ತದೆ. ಕೆಟ್ಟದ್ದು ಎಲ್ಲರ ಗಮನಕ್ಕೆ ಬರಲಿ ಎಂದೇ ಹೀಗೆ ಮಾಡಿದ್ದು.

ಇದು ಗಮನಿಸುವುದು ಕ್ಯಾಬಿನ್‌ನ ಬಾಗಿಲನ್ನು ಮಾತ್ರ. ಮಹಡಿಗಳ ಹೊರಬಾಗಿಲನ್ನೂ ಸೇರಿಸಬೇಕಾದರೆ ಶಾಫ್ಟ್‌ನಲ್ಲಿ ಉದ್ದನೆಯ ವೈರ್ ಎಳೆಯಬೇಕು, ಹಳೆಯ ತೊಂದರೆ ಮರಳುತ್ತದೆ. ಮರೆತು ಹೋಗುವವರು ಸಾಮಾನ್ಯವಾಗಿ ಎರಡನ್ನೂ ಬಿಟ್ಟೇ ಹೋಗುತ್ತಾರೆ. ಮೊದಲು ಇಷ್ಟು ಮಾಡಿ ನೋಡಿ.

ಸ್ಪೀಕರ್‌ನ ಎರಡು ಪಿನ್‌ಗಳಲ್ಲಿ ಯಾವುದನ್ನೂ ಗ್ರೌಂಡ್‌ಗೆ ಮುಟ್ಟಿಸಬೇಡಿ; ಎರಡರಲ್ಲೂ ದನಿ ಇದೆ, ಒಂದರದ್ದು ಇನ್ನೊಂದಕ್ಕೆ ವಿರುದ್ಧ ದಿಕ್ಕಿನಲ್ಲಿ. ಮಾಡ್ಯೂಲ್ ಜೊತೆ ಬರುವ ಪುಟ್ಟ ಸ್ಪೀಕರನ್ನು ಎಸೆಯಿರಿ. ಮೂರು ಇಂಚಿನ 8 ಓಮ್ ಸ್ಪೀಕರನ್ನು ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ. ಬಯಲಲ್ಲಿ ಬಿಟ್ಟರೆ ಹಿಂದಿನ ಅಲೆ ಮುಂದಿನದನ್ನು ತಿಂದುಹಾಕುತ್ತದೆ. ಕ್ಯಾಬಿನ್‌ನೊಳಗೆ ಇಷ್ಟು ಸಾಕು. ಮೊಗಸಾಲೆಯವರೆಗೂ ಕೇಳಬೇಕಾದರೆ ಎಲ್‌ಎಂ 386 ಎಂಬ ಆಂಪ್ಲಿಫೈಯರ್ ಚಿಪ್ ಸೇರಿಸಿ: ಒಂದೇ ಸ್ಪೀಕರ್ ಪಿನ್‌ನಿಂದ 0.1 ಮೈಕ್ರೋಫ್ಯಾರಡ್ ಮೂಲಕ 10 ಕಿಲೋಓಮ್ ವಾಲ್ಯೂಮ್‌ಗೆ, ಅಲ್ಲಿಂದ 386ಕ್ಕೆ. ಇನ್ನೊಂದು ಪಿನ್ ಖಾಲಿ ಬಿಡಿ.

386 ಇಲ್ಲದಿದ್ದರೆ ಮೂರು ಎಎ ಆಲ್ಕಲೈನ್ ಸೆಲ್‌ಗಳಲ್ಲಿ ಎಲ್ಲವೂ ನಡೆಯುತ್ತದೆ. ಆಗ ಮೇಲೆ 5 ವೋಲ್ಟ್ ಎಂದಿರುವಲ್ಲೆಲ್ಲ 4.5 ಎಂದು ಓದಿಕೊಳ್ಳಿ. ಸುಮ್ಮನಿರುವಾಗ 1820 ಎಳೆಯುವುದು ಒಂದು ಮೈಕ್ರೋಆಂಪಿಯರ್ ಆಸುಪಾಸು. ಮಾತನಾಡುವಾಗ ಸ್ಪೀಕರ್ ಸೇರಿ 50 ಮಿಲಿಆಂಪಿಯರ್, ದಿನಕ್ಕೆ ನೂರು ಬಾರಿ ಎಂದು ಹಿಡಿದರೂ 11 ಮಿಲಿಆಂಪಿಯರ್-ಗಂಟೆ. 2,000 ಮಿಲಿಆಂಪಿಯರ್-ಗಂಟೆಯ ಸೆಲ್ ಹೆಚ್ಚು ಕಡಿಮೆ ಆರು ತಿಂಗಳು ಬರುತ್ತದೆ. ರಾತ್ರಿಯಿಡೀ ಬಾಗಿಲು ತೆರೆದಿದ್ದರೆ ಬೇಗ ಮುಗಿಯುತ್ತದೆ. 386 ಹಾಕಿದರೆ ಅದು ಸುಮ್ಮನಿದ್ದಾಗಲೂ ನಾಲ್ಕು ಮಿಲಿಆಂಪಿಯರ್ ಎಳೆಯುತ್ತಿರುತ್ತದೆ. ಆಗ ಸೆಲ್ ಬಿಡಿ, ಕ್ಯಾಬಿನ್ ದೀಪದ ಲೈನ್‌ನಿಂದ ಒಳ್ಳೆಯ 5 ವೋಲ್ಟ್ ಅಡಾಪ್ಟರ್ ಹಾಕಿಸಿ, ಅದನ್ನೂ ಲಿಫ್ಟ್ ಕಂಪನಿಯವರಿಂದಲೇ. ಮಳೆಗಾಲಕ್ಕೆ ಮೊದಲು ಬೋರ್ಡ್‌ನ ಮೇಲಿನ ಫ್ಲಕ್ಸ್ ತೊಳೆದು ಪಿಸಿಬಿ ವಾರ್ನಿಷ್ ಬಳಿಯಿರಿ; 1 ಮೆಗಾಓಮ್‌ನ ಪಕ್ಕದಲ್ಲಿ ಮುಂಬೈಯ ತೇವ ಸೇರಿದ ಕೊಳೆ ಕೂತರೆ ಎಣಿಕೆಯ ವೇಗ ಕೆಡುತ್ತದೆ.

ಕೊನೆಗೆ ಮೂರನೇ ಮಹಡಿಯ ಅಜ್ಜಿಯ ವಿಚಾರ. ನಿಜ ಹೇಳಬೇಕೆಂದರೆ ಬಾಗಿಲಿನ ಸಂದೇಶಕ್ಕಿಂತ ಇದೇ ಹೆಚ್ಚು ಬೆಲೆಬಾಳುವ ಕೆಲಸ, ಇದಕ್ಕೆ ಸೊಸೈಟಿ ಹಣ ತೆಗೆದಿಡಲೇಬೇಕು. ದೃಷ್ಟಿ ಇಲ್ಲದವರು ತಪ್ಪು ಮಹಡಿಯಲ್ಲಿ ಇಳಿದು ಬೇರೆಯವರ ಬಾಗಿಲು ತಡಕಾಡುವಂತಾಗಬಾರದು. ಆದರೆ 1820ರಲ್ಲಿ ಹಿಡಿಸುವುದು ಒಂದೇ ಸಂದೇಶ. ಎಪಿಆರ್ 9600 ಎಂಬ 28 ಕಾಲಿನ ಚಿಪ್ ಎಂಟು ಸಂದೇಶಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಪ್ರತಿಯೊಂದಕ್ಕೂ ಒಂದು ಪಿನ್, ಕೆಳಗೆ ಎಳೆದರೆ ಹೇಳುತ್ತದೆ. 8 ಕಿಲೋಹರ್ಟ್ಸ್‌ನ ಉತ್ತಮ ಗುಣಮಟ್ಟದಲ್ಲಿ ಒಟ್ಟು 32 ಸೆಕೆಂಡ್, ಅಂದರೆ ಒಂದೊಂದಕ್ಕೆ ನಾಲ್ಕು. ‘ಮೂರನೇ ಮಹಡಿ, ತಿಸರಾ ಮಜಲಾ’ ಎನ್ನಲು ಧಾರಾಳ. ನೆಲಮಹಡಿ ಸೇರಿ ನಿಮಗೆ ಬೇಕಾದದ್ದು ಐದು. ಡಿಎಫ್‌ಪ್ಲೇಯರ್ ಮಿನಿ ಎಂಬ, ಮೆಮೊರಿ ಕಾರ್ಡ್ ಹಾಕುವ ಎಂಪಿ3 ಮಾಡ್ಯೂಲ್ ಇನ್ನೂ ಚೆನ್ನಾಗಿ ಮಾತನಾಡುತ್ತದೆ. ಆದರೆ ಅದಕ್ಕೆ ವಿದ್ಯುತ್ ಸದಾ ಬೇಕು, ಕಾರ್ಡ್ ಕೆಟ್ಟರೆ ಕಂಪ್ಯೂಟರ್ ಬಲ್ಲವರು ಬೇಕು. ಎಪಿಆರ್‌ನಲ್ಲಿ ಗುಂಡಿ ಒತ್ತಿ ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು. ಅಜ್ಜಿಗೆ ಪರಿಚಯವಿರುವ ದನಿಯಲ್ಲೇ ಮುದ್ರಿಸಿದರೆ ಇನ್ನೂ ಒಳ್ಳೆಯದು.

ತೊಡಕು ಇರುವುದು ಚಿಪ್‌ನಲ್ಲಲ್ಲ, ಲಿಫ್ಟ್ ಯಾವ ಮಹಡಿಯಲ್ಲಿದೆ ಎಂದು ತಿಳಿಯುವುದರಲ್ಲಿ. ಕ್ಯಾಬಿನ್‌ನಲ್ಲಿ ಮಹಡಿ ತೋರಿಸುವ ದೀಪಗಳಿದ್ದರೆ, ಅವುಗಳ ಸಂಕೇತವನ್ನು ಲಿಫ್ಟ್ ಕಂಪನಿಯವರು ಹೊರಗೆ ತೆಗೆದು ಕೊಡಬಲ್ಲರು. ಪ್ರತಿಯೊಂದಕ್ಕೂ ಒಂದು ಪಿಸಿ 817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ನಡುವೆ ಹಾಕಿದರೆ ಅವರ ಮಂಡಲಕ್ಕೂ ನಿಮ್ಮದಕ್ಕೂ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಆ ದೀಪಗಳು ಎಷ್ಟು ವೋಲ್ಟ್‌ನವು, ಎಸಿಯೋ ಡಿಸಿಯೋ, ಇಷ್ಟನ್ನು ಅವರಿಂದ ಬರೆಸಿಕೊಂಡು ಕಳುಹಿಸಿ. ಆಪ್ಟೋಕಪ್ಲರ್‌ನ ಮುಂದೆ ಹಾಕಬೇಕಾದ ರೆಸಿಸ್ಟರ್‌ನ ಓಮ್ ಮೌಲ್ಯ ಅದರಿಂದಲೇ ತಿಳಿಯುತ್ತದೆ. ಪೂರ್ತಿ ಚಿತ್ರವನ್ನು ನಾನು ಬರೆದುಕೊಡುತ್ತೇನೆ.